ಅಪ್‌ಡೇಟ್: ಆ 18 ಜಿಬಿ ಪಾರ್ಟಿಷನ್ ಅಳಿಸಲಿಲ್ಲ

ಸಿ ಡ್ರೈವ್ ತುಂಬಿದೆ, ಡ್ರೈವ್ ಅಕ್ಷರವೇ ಇಲ್ಲದ 18 ಜಿಬಿ ರಿಕವರಿ ಪಾರ್ಟಿಷನ್ (ಕಂಪ್ಯೂಟರ್ ಕೆಟ್ಟರೆ ಸರಿಪಡಿಸೋಕೆ ಡಿಸ್ಕ್‌ನಲ್ಲಿ ಮೀಸಲಿಟ್ಟ ಭಾಗ) ಅಳಿಸಲಾ ಅಂತ ಹೋದ ವಾರ ಕೇಳಿದ್ದೆ. ಅಳಿಸಬೇಡ ಅಂದವರಿಗೆಲ್ಲ ಥ್ಯಾಂಕ್ಸ್, ಬಚಾವಾದೆ.

ಡಿಸ್ಕ್‌ನ ಭಾಗಗಳನ್ನು ತೋರಿಸೋ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಹೆಲ್ಪ್’ ಒಂದೇ ಬರುತ್ತಿತ್ತು. ಏನೋ ಕೆಟ್ಟಿದೆ ಅಂದುಕೊಂಡಿದ್ದೆ. ನನ್ನಂಥವರು ಕೈ ಹಾಕದಿರಲಿ ಅಂತಲೇ ಹಾಗಂತೆ! ‘ರೀಏಜೆಂಟ್‌ಸಿ /ಇನ್ಫೋ’ (reagentc /info) ಕಮಾಂಡ್ ಕೊಟ್ಟಾಗ ಇನ್ನೊಂದು ಗೊತ್ತಾಯ್ತು: ವಿಂಡೋಸ್‌ನ ರಿಪೇರಿ ಟೂಲ್‌ಗಳಿರೋದು ಪಕ್ಕದ ಚಿಕ್ಕ ಪಾರ್ಟಿಷನ್‌ನಲ್ಲಿ. ದೊಡ್ಡದರಲ್ಲಿರೋದು ಕಂಪ್ಯೂಟರ್ ತಯಾರಕರ ಫ್ಯಾಕ್ಟರಿ ಇಮೇಜ್, ಅಂದರೆ ಕಂಪ್ಯೂಟರನ್ನು ಹೊಸದರಂತೆ ಮಾಡೋಕೆ ಬೇಕಾದ ಪ್ರತಿ.

ಅವರದೇ ಟೂಲ್‌ನಿಂದ 32 ಜಿಬಿ ಪೆನ್‌ಡ್ರೈವ್‌ಗೆ ರಿಕವರಿ ಮೀಡಿಯಾ ಮಾಡಿಕೊಂಡೆ. ಪೆನ್‌ಡ್ರೈವ್ ಪೂರ್ತಿ ಅಳಿಸಿಹೋಗುತ್ತೆ; ಅಕ್ಕನ ಮಗಳ ನಾಮಕರಣದ ಫೋಟೋ ಮೊದಲೇ ತೆಗೆದಿಟ್ಟಿದ್ದೆ, ಪುಣ್ಯ. ಆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿಯೂ ನೋಡಿದೆ, ಮೆನು ಬಂತು.

ಜಾಗದ ವಿಷಯ? ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ 22 ಜಿಬಿ ಕಸ ಬಿದ್ದಿತ್ತು.