ಪದಚರ್ಚೆ: ಕಿಂಗ್‌ಡಮ್‌ಗೆ ‘ಸಂಸ್ಥಾನ’ ಆದೀತೇ?

ಎಲ್ಲರಿಗೂ ನಮಸ್ಕಾರ.

‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಧ್ಯಯುಗದ ಯುರೋಪಿನ ಉಡುಗೆ, ಅಡುಗೆ, ಕಸುಬು, ಕಾಳಗಗಳನ್ನು ಸ್ವತಃ ಮಾಡಿ ಕಲಿಯುವವರ ಸಂಘ ಇದು. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿತು. ಇದರ ಪ್ರಾದೇಶಿಕ ಶಾಖೆಗಳಿಗೆ ಶೈರ್, ಬ್ಯಾರನಿ, ಪ್ರಿನ್ಸಿಪಾಲಿಟಿ, ಕಿಂಗ್‌ಡಮ್ ಎಂದು ಏರುದರ್ಜೆಗಳಿವೆ. ಸದಸ್ಯರು ಹೆಚ್ಚಿದಂತೆ ಶಾಖೆಯವರು ಮೇಲಿನ ದರ್ಜೆ ಕೇಳಬಹುದು. ಶೈರ್‌ಗೆ 5 ಜನ ಸಾಕು, ಬ್ಯಾರನಿಗೆ 25 ಬೇಕು, ಕಿಂಗ್‌ಡಮ್‌ಗೆ 400.

ಕಿಂಗ್‌ಡಮ್ ಎಂದರೆ ರಾಜ್ಯ ಎಂದು ನಿಘಂಟು ಹೇಳುತ್ತದೆ. ಹೊಯ್ಸಳ ರಾಜ್ಯ ಎಂದಾಗ ಯಾರಿಗೂ ಗೊಂದಲವಿಲ್ಲ. ಆದರೆ ಸಂಘದ ಆಸ್ಟ್ರೇಲಿಯಾ ಕಡೆಯ ಶಾಖೆಯಾದ ಲೊಕಾಕ್ ಬಗ್ಗೆ ‘2002ರಲ್ಲಿ ಆಸ್ಟ್ರೇಲಿಯಾದ ಲೊಕಾಕ್‌ಗೆ ರಾಜ್ಯದ ಸ್ಥಾನಮಾನ ದೊರೆಯಿತು’ ಎಂದು ಬರೆದು ನೋಡಿ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳ ಸಾಲಿಗೆ ಹೊಸದೊಂದು ರಾಜ್ಯ ಸೇರಿತು ಎಂದೇ ಓದುಗರು ತಿಳಿಯುತ್ತಾರೆ. ‘ಸಾಮ್ರಾಜ್ಯ’ ಎನ್ನೋಣವೆಂದರೆ ಅಲ್ಲಿ ಚಕ್ರವರ್ತಿಯೇ ಇಲ್ಲ.

ನನಗೆ ‘ಸಂಸ್ಥಾನ’ ಹಿಡಿಸಿದೆ. ಅದು ಪ್ರಿನ್ಸಿಪಾಲಿಟಿಗೆ ಸಲ್ಲುವ ಪದವಲ್ಲವೇ ಎಂದು ಹಲವರು ಕೇಳಬಹುದು. ಆದರೆ ಮೈಸೂರು ಸಂಸ್ಥಾನವನ್ನು ಆಳಿದವರು ಮಹಾರಾಜರು. ದರ್ಬಾರು, ಬಿರುದು, ಪಟ್ಟಾಭಿಷೇಕ ಎಲ್ಲ ಇದ್ದೂ ಅವರ ಮೇಲೆ ಇನ್ನೊಂದು ಅಧಿಕಾರವಿತ್ತು. ಈ ಸಂಘದಲ್ಲೂ ಅಷ್ಟೇ. ರಾಜ ರಾಣಿಯರು ಕಿರೀಟ ಧರಿಸಿ ಬಿರುದು ಕೊಡುತ್ತಾರೆ, ಆದರೆ ಹೊಸ ಕಿಂಗ್‌ಡಮ್‌ಗೆ ಮಂಜೂರಾತಿ ಕೊಡುವುದು ಸಂಘದ ನಿರ್ದೇಶಕ ಮಂಡಳಿ. ಈ ಒಳರಚನೆಯನ್ನು ‘ರಾಜ್ಯ’ ಹೇಳುವುದಿಲ್ಲ, ‘ಸಂಸ್ಥಾನ’ ಹೇಳುತ್ತದೆ.

ಹಾಗಾದರೆ ಪ್ರಿನ್ಸಿಪಾಲಿಟಿಗೆ? ‘ಮಾಂಡಲಿಕ ನಾಡು’ ಎಂದು ಬರೆದಿದ್ದೇನೆ. ಅಲ್ಲಿನ ಪ್ರಿನ್ಸ್ ಯುವರಾಜನಲ್ಲ, ದೊರೆಗೆ ಅಧೀನನಾಗಿ ತನ್ನ ಭಾಗವನ್ನು ಆಳುವವನು. ಕಲ್ಯಾಣದ ಚಾಲುಕ್ಯರ ಕೆಳಗೆ ವಿಷ್ಣುವರ್ಧನ ಮಹಾಮಂಡಲೇಶ್ವರನಾಗಿದ್ದ. ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲಕ್ಕೆ ಹೊಯ್ಸಳರು ಸ್ವತಂತ್ರರಾದರು. ಲೊಕಾಕ್ ಕೂಡ ಹಿಂದೆ ಕ್ಯಾಲಿಫೋರ್ನಿಯಾ ಕಡೆಯ ‘ವೆಸ್ಟ್’ ಕಿಂಗ್‌ಡಮ್‌ಗೆ ಅಧೀನವಾಗಿತ್ತು. ಯುರೋಪಿನ ಡ್ರಾಕೆನ್‌ವಾಲ್ಡ್ 1993ರಲ್ಲಿ ‘ಈಸ್ಟ್’ನಿಂದ, ಕೆನಡಾದ ಅವಕಾಲ್ 2015ರಲ್ಲಿ ‘ಆನ್ ಟಿರ್’ನಿಂದ ಹೀಗೆಯೇ ಬೇರೆಯಾದವು. ಆದರೆ ಅಲಾಸ್ಕಾದ ಓರ್ಥಾ ಇನ್ನೂ ವೆಸ್ಟ್‌ನ ಕೆಳಗಿನ ಪ್ರಿನ್ಸಿಪಾಲಿಟಿಯೇ.

ಬ್ಯಾರನಿಗೆ ‘ಪಾಳೆಯಪಟ್ಟು’ ಬೇಡ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಪಾಳೆಯಗಾರನಿಗೆ ಸ್ವಂತ ಕೋಟೆ, ಸ್ವಂತ ದಂಡು, ವಂಶಪಾರಂಪರ್ಯದ ಹಕ್ಕು. ಇಲ್ಲಿನ ಬ್ಯಾರನ್‌ನನ್ನು ಸದಸ್ಯರ ಅಭಿಪ್ರಾಯ ಕೇಳಿ ದೊರೆ ನೇಮಿಸುತ್ತಾನೆ. ಕಾಳಗದಿಂದ ಗದ್ದುಗೆ ಸಿಗುವುದು ಪ್ರಿನ್ಸ್‌ಗೆ ಮತ್ತು ರಾಜನಿಗೆ: ಲೋಹದ ಕವಚ ತೊಟ್ಟು, ಬೆತ್ತದ ಕತ್ತಿ ಹಿಡಿದು, ಕಣದಲ್ಲಿ ಗೆದ್ದವರು ಕೆಲವು ತಿಂಗಳ ಮಟ್ಟಿಗೆ ಆಳುತ್ತಾರೆ. ಮೇಲಿನ ದರ್ಜೆಗಾಗಿ ಶಾಖೆಗಳು ಅಷ್ಟು ಹಂಬಲಿಸುವುದೇಕೆ ಎಂಬುದು ಇಲ್ಲಿ ಅರ್ಥವಾಗುತ್ತದೆ. ದರ್ಜೆ ಏರಿದರೆ ಆ ಕಣ ತಮ್ಮೂರ ಹತ್ತಿರ ಬರುತ್ತದೆ, ಆಳುವವರು ತಮ್ಮವರೇ ಆಗುತ್ತಾರೆ. ಸಾಗರದಾಚೆಯ ದೊರೆಗೆ ತಲೆಬಾಗಿದ್ದವರಿಗೆ ಇದು ಸಣ್ಣ ಸಂಗತಿಯಲ್ಲ. ಬ್ಯಾರನ್‌ಗೆ ಸದ್ಯ ‘ನಾಡಪ್ರಭು’ ಎಂದಿಟ್ಟಿದ್ದೇನೆ.

ಶೈರ್‌ಗೆ ‘ಸೀಮೆ’. ‘ಹೋಬಳಿ’ ಎಂದರೆ ಪಹಣಿ, ನಾಡಕಚೇರಿ ಕಣ್ಮುಂದೆ ಬರುತ್ತವೆ. ಶೈರ್‌ನಲ್ಲಿ ಪ್ರಭುವಿಲ್ಲ, ವ್ಯವಹಾರ ನೋಡುವ ಸೆನೆಶಲ್ ಇರುತ್ತಾರೆ. ಅವರಿಗೆ ನಮ್ಮ ‘ಪಾರುಪತ್ಯಗಾರ’ ಚೆನ್ನಾಗಿ ಒಪ್ಪುತ್ತದೆ.

ಇನ್ನು ಕ್ರಿಯಾಪದ. ‘ಬಡ್ತಿ’ ನೌಕರರಿಗೆ ಸಿಗುವುದು, ಊರಿಗಲ್ಲ. ‘ಮೇಲ್ದರ್ಜೆಗೇರು’ ಅರ್ಥದಲ್ಲಿ ಸರಿ. ಪುರಸಭೆ ನಗರಸಭೆಯಾಗುವುದೂ ಜನಸಂಖ್ಯೆ ನೋಡಿಯೇ. ಆದರೆ ಅದರಲ್ಲಿ ಸಂಭ್ರಮವಿಲ್ಲ. ‘ಅವಕಾಲ್‌ಗೆ ಸಂಸ್ಥಾನಪಟ್ಟ’ ಎಂದರೆ ಹೇಗೆ? ವ್ಯಕ್ತಿಗೆ ಪಟ್ಟ ಕಟ್ಟುವಂತೆ ಪ್ರದೇಶಕ್ಕೂ ‘ಪಟ್ಟ’ ಕಟ್ಟಿದ ಪ್ರಯೋಗವನ್ನು ಶಾಸನದಲ್ಲೋ ಹಳೆಯ ಕಾವ್ಯದಲ್ಲೋ ಕಂಡವರಿದ್ದರೆ ಸಾಲು ಸಮೇತ ಬರೆಯಿರಿ. ‘ಸಂಸ್ಥಾನ’ಕ್ಕೆ ತಕರಾರಿದ್ದರೆ ಅದನ್ನೂ ಹೇಳಿ, ಕರಡು ಇನ್ನೂ ನನ್ನ ಕೈಯಲ್ಲೇ ಇದೆ.