ಗೂಡೊಳಗೆ ತಲೆಯಿಲ್ಲದ ಕೋಳಿ: ಪಶುವೈದ್ಯರನ್ನು ಕೇಳಿ

ಸುಮಾ, ಸಾಗರ: ಡಾಕ್ಟ್ರೇ, ರಾತ್ರಿ ಗೂಡಿನ ಬಾಗಿಲು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಎರಡು ಹೇಂಟೆಗಳಿಗೆ ತಲೆಯೇ ಇಲ್ಲ. ಮೈ ಒಳಗೇ ಬಿದ್ದಿದೆ, ಬಾಗಿಲೂ ಹಾಕಿದ ಹಾಗೇ ಇದೆ. ಹಾವಾ?

ಹುಂಜಪ್ರಿಯ: ಹಾವೇ. ಸುತ್ತ ನುಸಿಗುಳಿಗೆ ಹಾಕಿ. ವಾಟ್ಸಾಪಲ್ಲಿ ಬಂದಿತ್ತು.

ಪಶುವೈದ್ಯ: ಹಾವು ನುಂಗುತ್ತದೆ, ತಲೆ ಕಡಿದು ಮೈ ಬಿಟ್ಟು ಹೋಗಲ್ಲ. ಸುಮಾ ಅವರೇ, ಗೂಡಿಗೆ ಹೊಡೆದಿರುವ ತಂತಿ ಬಲೆ ಆರು ಮೂಲೆ ಕಣ್ಣಿನ ತೆಳು ಕೋಳಿ ಮೆಶ್ಶಾ? ಹೆಣ ಇದ್ದದ್ದು ಅದರ ಪಕ್ಕದಲ್ಲಾ?

ಸುಮಾ: ಹೌದು ಸಾರ್. ಅದಕ್ಕೆ ಒರಗಿಯೇ ಮಲಗುತ್ತವೆ.

ತೋಟದಮನೆ: ಮರಿಗಳನ್ನು ಹದ್ದು ಒಯ್ಯುತ್ತಿದೆ, ಏನು ಮಾಡಲಿ?

ಪಶುವೈದ್ಯ: ಮೇಲೆ ಹಳೇ ಮೀನುಬಲೆ ಕಟ್ಟಿ.

ಸುಮಾ, ಹಾಗಾದರೆ ಒಳಗೆ ಯಾವುದೂ ಬಂದಿಲ್ಲ. ಗಾಬರಿಯಾದ ಕೋಳಿ ಮೆಶ್ಶಿನ ಕಣ್ಣಿನಲ್ಲಿ ತಲೆ ತೂರಿಸುತ್ತದೆ. ಹೊರಗಿನಿಂದ ಕಾಡುಬೆಕ್ಕೋ ಪುನುಗುಬೆಕ್ಕೋ ಹಿಡಿದು ಎಳೆಯುತ್ತದೆ. ಮೈ ಹೊರಬರಲ್ಲ, ತಲೆ ಹೋಗುತ್ತದೆ. ಆ ಮೆಶ್ ಇರುವುದು ಕೋಳಿ ಹೊರಗೆ ಹೋಗದಿರಲಿ ಅಂತ ಅಷ್ಟೇ. ನಾಯಿ ಅದನ್ನು ಹರಿದೂ ಹಾಕುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಬಲೆ, ಹಾಕಿಸಿ. ದುಡ್ಡು ಸಾಲದಿದ್ದರೆ ಕೋಳಿ ಕೂರುವ ಎತ್ತರಕ್ಕಿಂತ ಸ್ವಲ್ಪ ಮೇಲಿನವರೆಗಾದರೂ ಇರಲಿ. ಬುಡದಲ್ಲಿ ಒಂದಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಿ. ಕೆರೆಯುವ ಪ್ರಾಣಿ ಗೋಡೆ ಬುಡದಲ್ಲೇ ಕೆರೆಯುತ್ತದೆ, ಮೆಶ್ ಸಿಕ್ಕರೆ ಕೈಬಿಡುತ್ತದೆ. ಕೂರುವ ಕೋಲನ್ನು ಇವತ್ತೇ ಒಳಗೆ ಸರಿಸಿ. ರುಚಿ ಕಂಡದ್ದು ಮತ್ತೆ ಬರುತ್ತದೆ.

ನಾಟಿಕೋಳಿ: ಸಾರ್, ಗಿಡುಗಕ್ಕೆ ಏನಾದರೂ ಉಪಾಯ?

ಪಶುವೈದ್ಯ: ಮೇಲೆ ಓದಿ.

ಮಲ್ನಾಡ್ ಹುಡ್ಗ: ಗಿನಿ ಕೋಳಿ ಇದ್ದರೆ ಹಾವು ಬರಲ್ವಂತೆ. ಮರಿ ಎಲ್ಲಿ ಸಿಗುತ್ತದೆ?

ಹುಂಜಪ್ರಿಯ: ಮುಂಗುಸಿ, ಬೆಕ್ಕು ಯಾವುದಾದರೂ ಸರಿ, ಉರುಳು ಇಡಿ. ಇಲ್ಲಾಂದ್ರೆ ಕೋಳಿ ಕರುಳಿಗೆ ವಿಷ ಬೆರೆಸಿಡಿ.

ಪಶುವೈದ್ಯ: ಎರಡೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆ ವಿಷ ಪಕ್ಕದ ಮನೆ ನಾಯಿಯೂ ತಿನ್ನುತ್ತದೆ. ಆಮೇಲೆ ನೊರೆ ಕಾರುತ್ತಿರುವ ನಾಯಿಯನ್ನು ನನ್ನ ಹತ್ತಿರ ಹೊತ್ತು ತರುತ್ತೀರಿ.

ತೋಟದಮನೆ: ಹುಂಜಪ್ರಿಯರ ನಾಯಿಯೇ ನಮ್ಮ ಕೋಳಿ ತಿಂದದ್ದು. ಇಲ್ಲಿ ಬಂದು ಉಪದೇಶ ಬೇರೆ.

ಹುಂಜಪ್ರಿಯ: ನೋಡಿದ್ರಾ? ನಮ್ಮ ನಾಯಿ ಕಟ್ಟಿರುತ್ತದೆ.

ತೋಟದಮನೆ: ಹಗಲು ಕಟ್ಟುತ್ತೀರಿ. ರಾತ್ರಿ?

ನಾಟಿಕೋಳಿ: ಜಗಳ ಯಾಕೆ, ಗೇಟಿಗೆ ಕೆಂಪು ನೀರಿನ ಬಾಟ್ಲಿ ನೇತುಹಾಕಿ. ನಾಯಿ ಬರಲ್ಲ.

ತೋಟದಮನೆ: ಹಾಕಿದ್ದೆವು. ಪಕ್ಕದಲ್ಲೇ ಮಲಗಿತ್ತು.

ಹುಂಜಪ್ರಿಯ: ಡಾಕ್ಟ್ರು ನುಸಿಗುಳಿಗೆ ಬಗ್ಗೆ ಹೇಳಲೇ ಇಲ್ಲ. ಬೆಳ್ಳುಳ್ಳಿ ಜೊತೆ ಅರೆದು ಹಾಕಿದರೆ?

ಪಶುವೈದ್ಯ: ಹಾವು ಅದನ್ನು ದಾಟಿಕೊಂಡೇ ಬರುತ್ತದೆ. ಕುಕ್ಕಿ ತಿಂದ ಕೋಳಿಗೆ ವಿಷ. ಆ ಫಾರ್ವರ್ಡ್ ಇನ್ನೊಮ್ಮೆ ಹಾಕಬೇಡಿ.

ಸುಮಾ: ಕೋಲು ಸರಿಸಿದೆ ಸಾರ್. ಮೆಶ್ ಸಂತೆ ದಿನ ತರುತ್ತೇವೆ.

ಪಶುವೈದ್ಯ: ಅಲ್ಲಿವರೆಗೆ ಗೂಡಿಗೆ ಬಿಡಬೇಡಿ. ಕೊಟ್ಟಿಗೆಯೊಳಗೆ ಬುಟ್ಟಿ ಕವುಚಿ, ಮೇಲೆ ಕಲ್ಲು ಹೇರಿ.