ಸ್ಪ್ಲೆಂಡರ್ ಸೀಟು ನೀರು ಕುಡಿಯುತ್ತಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಹೊಸನಗರದ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 2006ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. ಅಪ್ಪ ಕೊಂಡ ಗಾಡಿ. ಹದಿನಾಲ್ಕು ವರ್ಷ ಅವರು ಓಡಿಸಿದರು. ಈಗ ನಾನು ದಿನಾ ಅದರಲ್ಲೇ ಸಾಗರಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ. ಇಂಜಿನ್ ಇವತ್ತಿಗೂ ಚೆನ್ನಾಗಿದೆ. ತೊಂದರೆ ಇರುವುದು ಸೀಟಿನಲ್ಲಿ.

ಟ್ಯಾಂಕಿನ ಹತ್ತಿರ, ತೊಡೆ ಉಜ್ಜುವ ಜಾಗದಲ್ಲಿ ಸುಮಾರು ನಾಲ್ಕು ಇಂಚು ಹೊಲಿಗೆ ಬಿಟ್ಟಿದೆ. ಸವಾರ ಕೂರುವ ಕಡೆ ಗುಳಿ ಬಿದ್ದಿದೆ. ಗುಂಡಿಗೆ ಇಳಿದರೆ ಅಡಿಯ ಪ್ಲಾಸ್ಟಿಕ್ಕೇ ಬಡಿದ ಹಾಗಾಗುತ್ತದೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹಳೇ ಕವರಿನ ಮೇಲೇ ಹೊಸ ಕವರ್ ಬಡಿಸಿದ್ದೆ. ಒಂದು ಮಳೆಗಾಲವೂ ತಡೆಯಲಿಲ್ಲ. ಟೇಪ್ ಸುತ್ತಿದೆ, ಸೈಕಲ್ ಪಂಕ್ಚರ್ ಪ್ಯಾಚೂ ಹಾಕಿದೆ. ಎರಡೂ ಕಿತ್ತು ಬಂದವು. ಮಳೆ ನಿಂತು ಬಿಸಿಲು ಬಂದ ದಿನವೂ ಕೂತರೆ ಪ್ಯಾಂಟ್ ಒದ್ದೆ.

ಮನೆಯಲ್ಲಿ ಅಮ್ಮನ ಕಾಲ್ಮೆಷಿನ್ ಇದೆ. ಅದರಲ್ಲಿ ರೆಕ್ಸಿನ್ ಹೊಲಿಯಬಹುದಾ? ಹೊಸ ಸೀಟು ತರಬಹುದು, ಗೊತ್ತು. ಆದರೆ ಇದನ್ನೇ ಸರಿ ಮಾಡಿ ಉಳಿಸಿಕೊಳ್ಳುವ ಆಸೆ. ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಬೆಂಗಳೂರು ಬೈಕರ್:
ಜೆ.ಸಿ. ರಸ್ತೆಯಲ್ಲಿ ಸ್ಪ್ಲೆಂಡರ್‌ಗೆ ರೆಡಿ ಕವರ್ ಸಿಗುತ್ತದೆ. ಎಲಾಸ್ಟಿಕ್ ಇರುವ, ಮೇಲಿಂದ ಎಳೆದು ಹಾಕುವ ಕವರ್ ಮಾತ್ರ ತಗೋಬೇಡಿ. ಅದು ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸೀಟಿನ ತಳಕ್ಕೆ ಸ್ಟೇಪ್ಲರ್ ಪಿನ್ ಹೊಡೆದು ಕೂರಿಸುವಂಥದ್ದೇ ಬೇಕು ಅಂತ ಕೇಳಿ.

ಶಿವಮೊಗ್ಗದ ಹೊಲಿಗೆ ಅಕ್ಕ:
ತಮ್ಮಾ, ಕವರಿನ ಯೋಚನೆ ಆಮೇಲೆ. ಮೊದಲು ಫೋಮ್ ಒಣಗಬೇಕು.

ನಾನು ಮತ್ತು ನಮ್ಮ ಯಜಮಾನರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ 19 ವರ್ಷ ಕುಶನ್ ಅಂಗಡಿ ನಡೆಸಿದೆವು. ಪಿನ್ ಬಡಿಯುವುದು ಅವರು, ಹೊಲಿಗೆ ನಾನು. ಜೂನ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಗಾಡಿಗಳೇ ಜಾಸ್ತಿ ಬರುತ್ತಿದ್ದವು. ಎಲ್ಲರದ್ದೂ ಒಂದೇ ಕಥೆ: ಒದ್ದೆ ಫೋಮಿನ ಮೇಲೆ ಹೊಸ ಕವರ್. ರೆಕ್ಸಿನ್‌ನಲ್ಲಿ ನೀರು ಇಳಿಯುವುದಿಲ್ಲ. ಸೂಜಿ ಹೊಕ್ಕ ತೂತಿನಲ್ಲಿ ಇಳಿಯುತ್ತದೆ. ನೀವು ಕೂತಾಗ ಫೋಮ್ ಅದುಮಿ ಗಾಳಿ ಹೊರಗೆ ಹೋಗುತ್ತದೆ. ಎದ್ದಾಗ ಅದು ಉಬ್ಬಿ, ಹೊಲಿಗೆಯ ಮೇಲೆ ನಿಂತ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿಸಿಲಿದ್ದ ದಿನ ಪ್ಯಾಂಟ್ ಒದ್ದೆಯಾಗುವುದು ಇದಕ್ಕೇ.

ಎರಡೂ ಸೈಡ್ ಪ್ಯಾನೆಲ್ ತೆಗೆದು ಬೋಲ್ಟ್ ಬಿಚ್ಚಿ, ಸೀಟನ್ನು ಹಿಂದಕ್ಕೆ ಎಳೆದರೆ ಕೈಗೆ ಬರುತ್ತದೆ. ತಿರುಗಿಸಿ ಇಡಿ. ಸಣ್ಣ ಸ್ಕ್ರೂಡ್ರೈವರ್‌ನಿಂದ ಪಿನ್‌ಗಳನ್ನು ಒಂದೊಂದಾಗಿ ಎಬ್ಬಿಸಿ, ಇಕ್ಕಳದಲ್ಲಿ ಕೀಳಿ. ತುಕ್ಕು ಹಿಡಿದ ಪಿನ್ ಮುರಿದು ಕಣ್ಣಿಗೆ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ. ನಿಮ್ಮದರಲ್ಲಿ ಎರಡು ಕವರ್ ಇವೆ. ಹಳೆಯದನ್ನು, ಅಂದರೆ ಒಳಗಿನದ್ದನ್ನು ಜೋಪಾನ ಮಾಡಿ. ಕಂಪನಿಯಿಂದ ಬಂದ ಕವರ್ ಅದೇ ಆಗಿದ್ದರೆ ಅದಕ್ಕಿಂತ ಒಳ್ಳೆಯ ಅಳತೆ ನಿಮಗೆ ಎಲ್ಲೂ ಸಿಗದು.

ಫೋಮನ್ನು ಹಿಂಡಬೇಡಿ, ಹರಿಯುತ್ತದೆ. ಹಲಗೆ ಇಟ್ಟು ಅದರ ಮೇಲೆ ನಿಲ್ಲಿ, ನೀರು ಇಳಿಯುತ್ತದೆ. ಆಮೇಲೆ ಅಗಲವಾಗಿ ಮಲಗಿಸದೆ ಉದ್ದಕ್ಕೆ ನಿಲ್ಲಿಸಿ ಫ್ಯಾನ್ ಗಾಳಿಗೆ ಇಡಿ. ಮುಟ್ಟಿ ನೋಡಿ ಒಣಗಿತು ಅಂದುಕೊಳ್ಳಬೇಡಿ, ನಡುವೆ ನೀರು ಇದ್ದೇ ಇರುತ್ತದೆ. ದಿನಾ ತೂಕ ಮಾಡಿ. ಎರಡು ದಿನ ತೂಕ ಇಳಿಯದೆ ನಿಂತರೆ ಒಣಗಿತು ಅಂತ ಅರ್ಥ.

ಗುಳಿಗೆ ಫೋಮ್ ಪೂರ್ತಿ ಬದಲಿಸುವುದು ಬೇಡ. ಹೊಸ ಹ್ಯಾಕ್ಸಾ ಬ್ಲೇಡಿನಲ್ಲಿ ಕುಸಿದ ಭಾಗವನ್ನು ಮಾತ್ರ ಸಮನಾಗಿ ಕೊಯ್ದು ತೆಗೆಯಿರಿ. ಅಲ್ಲಿಗೆ ರೀಬಾಂಡ್ ಫೋಮ್ ತುಂಡು ಕೂರಿಸಿ. ಹಾಸಿಗೆ ಅಂಗಡಿಯಲ್ಲಿ ಸಿಗುತ್ತದೆ, ಬಣ್ಣಬಣ್ಣದ ಚೂರು ಸೇರಿಸಿ ಒತ್ತಿದ ಹಾಗೆ ಕಾಣುತ್ತದೆ. ಸೋಫಾದ ಮೆತ್ತನೆ ಫೋಮ್ ಹಾಕಿದರೆ ಆರು ತಿಂಗಳಿಗೆ ಮತ್ತೆ ಗುಳಿ. ಅಂಚನ್ನು ಓರೆಯಾಗಿ ಕೊಯ್ಯಿರಿ, ಇಲ್ಲದಿದ್ದರೆ ಕೂತಾಗ ಮೆಟ್ಟಿಲಿನ ಹಾಗೆ ಒತ್ತುತ್ತದೆ. ಅಂಟಿಗೆ ಬಿಳಿ ಫೆವಿಕಾಲ್ ಬೇಡ. ರೆಕ್ಸಿನ್, ಫೋಮ್ ಅಂಟಿಸುವ ಹಳದಿ ಅಂಟು, ಫೆವಿಕಾಲ್ ಎಸ್‌ಆರ್ ಅಂತ ಕೇಳಿ. ಎರಡೂ ಕಡೆ ತೆಳ್ಳಗೆ ಬಳಿದು, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಮೆತ್ತದ ಹಾಗಾದ ಮೇಲೆ ಒತ್ತಿ. ದಪ್ಪ ಬಳಿದರೆ ಗಂಟು ಕಟ್ಟಿ ಗಟ್ಟಿಯಾಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಕಾಲ್ಮೆಷಿನ್ ಸಾಕು. 18 ನಂಬರ್ ಸೂಜಿ ಹಾಕಿ. ಹತ್ತಿ ದಾರ ಕೊಳೆಯುತ್ತದೆ, ಪಾಲಿಯೆಸ್ಟರ್ ಇಲ್ಲವೇ ನೈಲಾನ್ ದಾರ ತಗೊಳ್ಳಿ. ಹೊಲಿಗೆ ಉದ್ದಕ್ಕೆ ಇರಲಿ, ಒಂದು ಇಂಚಿಗೆ ಆರೇಳು ಸಾಕು. ಹತ್ತಿರ ಹತ್ತಿರ ಹೊಲಿದರೆ ರೆಕ್ಸಿನ್ ಅಂಚೆ ಚೀಟಿಯ ಹಾಗೆ ಹರಿದು ಬರುತ್ತದೆ. ದಪ್ಪ ಬಂದ ಕಡೆ ಪೆಡಲ್ ತುಳಿಯದೆ ಚಕ್ರವನ್ನು ಕೈಯಲ್ಲಿ ತಿರುಗಿಸಿ.

ಹೊಸನಗರದ ಸವಾರ:
ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡು ಸಂಶಯ. ಇಲ್ಲಿ ಒಂದು ವಾರದಿಂದ ಬಿಸಿಲೇ ಇಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿ ಒಣಗಿಸಬಹುದಾ? ಮಳೆ ತಾಗದ ಹಾಗೆ ಅಡಕೆ ಗೊನೆಗಳಿಗೆ ಕಟ್ಟಿ ಉಳಿದ ಕೊಟ್ಟೆ (ಪ್ಲಾಸ್ಟಿಕ್ ಚೀಲ) ಮನೆಯಲ್ಲಿ ಬೇಕಾದಷ್ಟಿದೆ. ಕವರಿನ ಒಳಗೆ ಅದನ್ನು ಹಾಕಿದರೆ ನೀರು ನಿಲ್ಲುತ್ತದಾ?

ಶಿವಮೊಗ್ಗದ ಹೊಲಿಗೆ ಅಕ್ಕ:
ಒಲೆಯ ಮೇಲೆ ಖಂಡಿತ ಬೇಡ! ಆ ಫೋಮಿಗೆ ಕಿಡಿ ತಾಗಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಹೊಗೆಯೂ ವಿಷ. ಬಚ್ಚಲ ಪಕ್ಕದ ಬೆಚ್ಚಗಿನ ಕೋಣೆ ಇದ್ದರೆ ಅಲ್ಲಿ ಫ್ಯಾನ್ ಹಾಕಿ ನಿಲ್ಲಿಸಿ. ಐದಾರು ದಿನ ಹಿಡಿಯಲಿ, ಅವಸರ ಮಾಡಬೇಡಿ.

ಕೊಟ್ಟೆ ತೆಳ್ಳಗಿರುತ್ತದೆ, ಕೂತಾಗ ಚರಚರ ಅನ್ನುತ್ತದೆ. ಹಾಸಿಗೆ ಸುತ್ತಿ ಬರುವಂಥ ದಪ್ಪ ಪ್ಲಾಸ್ಟಿಕ್ ಇದ್ದರೆ ಅದನ್ನೇ ಹಾಕಿ. ಜೋಡು ತುಂಡು ಬೇಡ, ಒಂದೇ ಹಾಳೆ ಇರಲಿ. ಮೇಲಿಂದ ಹೊದಿಸಿ, ನಾಲ್ಕೂ ಬದಿ ಕೆಳಕ್ಕೆ ಇಳಿಬಿಡಿ. ತಳ ಮಾತ್ರ ತೆರೆದಿರಬೇಕು, ಒಳಗೆ ಸೇರಿದ ತೇವ ಅಲ್ಲಿಂದ ಹೋಗಬೇಕಲ್ವಾ. ಹೊಲಿಗೆಯ ಒಳಮೈಗೂ ಅದೇ ಹಳದಿ ಅಂಟನ್ನು ಒಂದು ಬೆರಳಗಲ ಬಳಿಯಿರಿ.

ಪಿನ್ 6 ಮಿ.ಮೀ. ಸಾಕು. ಉದ್ದ ಪಿನ್ ಸೀಟಿನ ತಳದ ಪ್ಲಾಸ್ಟಿಕ್ ದಾಟಿ ಒಳಗೆ ಚುಚ್ಚಿ, ನೀವು ಹಾಕಿದ ಹಾಳೆಯನ್ನೇ ತೂತು ಮಾಡುತ್ತದೆ. ಸ್ಟೇನ್‌ಲೆಸ್ ಪಿನ್ ಸಿಕ್ಕರೆ ನಿಮ್ಮ ಕಡೆ ಮಳೆಗೆ ತುಂಬಾ ಒಳ್ಳೆಯದು. ಮೊದಲು ಮುಂದಿನ ನಡುವೆ ಎರಡು, ಆಮೇಲೆ ಎಳೆದು ಹಿಂದಿನ ನಡುವೆ ಎರಡು. ನಂತರ ಎಡಕ್ಕೊಂದು, ಬಲಕ್ಕೊಂದು. ಮೂಲೆ ಕೊನೆಗೆ. ರೆಕ್ಸಿನ್ ಅರ್ಧ ಗಂಟೆ ಬೆಚ್ಚಗಿನ ಜಾಗದಲ್ಲಿ ಇದ್ದರೆ ಚೆನ್ನಾಗಿ ಎಳೆದು ಬರುತ್ತದೆ.

ಮೈಸೂರು ಯೆಜ್ಡಿ:
ಅಕ್ಕನ ಮಾತು ಸರಿ. ಹಳೇ ಗಾಡಿಯವರಿಗೆ ಒಂದು ಸೇರಿಸುತ್ತೇನೆ. ನನ್ನದು ಇಲ್ಲೇ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕ್. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಹಾಗಾಗಿ ಒಳ್ಳೆಯ ಹಳೇ ಸೀಟು ಸಿಗುವುದು ಕಷ್ಟ. ಇದರ ತಳ ಕಬ್ಬಿಣದ ತಗಡು. ಫೋಮ್ ನೀರು ಹಿಡಿದಿಟ್ಟರೆ ತಗಡು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಕವರ್ ಬಿಚ್ಚಿದಾಗ ತಂತಿ ಬ್ರಷ್ ಹಾಕಿ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು, ಮೇಲೆ ಪೇಂಟ್ ಮಾಡಿ. ಈ ಕೆಲಸ ಬಿಟ್ಟು ಬರೀ ಕವರ್ ಹಾಕಿಸಬೇಡಿ.

ಹೊಸನಗರದ ಸವಾರ:
ಅಕ್ಕಾ, ಮುಗಿಯಿತು. ಹತ್ತು ದಿನ ಹಿಡಿಯಿತು.

ಬಿಚ್ಚಿದ ದಿನ ಫೋಮನ್ನು ಅಡಕೆ ತೂಗುವ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದೆ. 2 ಕೆ.ಜಿ. 300 ಗ್ರಾಂ ಇತ್ತು. ಹಲಗೆ ಇಟ್ಟು ನಿಂತಾಗ ಕಂದು ಬಣ್ಣದ ನೀರು ಅಂಗಳದ ತುಂಬಾ ಹರಿಯಿತು. ಆರನೇ ದಿನ 950 ಗ್ರಾಂಗೆ ಬಂದು ನಿಂತಿತು. ಇಷ್ಟು ವರ್ಷ ಒಂದೂ ಕಾಲು ಲೀಟರಿಗಿಂತ ಜಾಸ್ತಿ ನೀರಿನ ಮೇಲೆ ಕೂತು ಓಡಾಡಿದ್ದೇವೆ. ಅಪ್ಪ ಕೊನೆಕೊನೆಗೆ ಸೊಂಟ ನೋವು ಅಂತ ಮಳೆಗಾಲದಲ್ಲಿ ಗಾಡಿ ಬೇಡ ಅನ್ನುತ್ತಿದ್ದರು. ಆಗಲೇ ಬಿಚ್ಚಿ ನೋಡಬೇಕಿತ್ತು ಅನ್ನಿಸಿತು.

ಒಳಗಿನ ಕವರ್ ಕಂಪನಿಯದ್ದೇ. ಹೊಲಿಗೆ ಬಿಚ್ಚಿ, ಪೇಪರಿನ ಮೇಲೆ ಇಟ್ಟು ಗೆರೆ ಎಳೆದುಕೊಂಡೆ. ನಡುಗೆರೆಯನ್ನೂ ಗುರುತು ಮಾಡಿದೆ, ಇಲ್ಲದಿದ್ದರೆ ಬಡಿಯುವಾಗ ಖಂಡಿತ ಓರೆಯಾಗುತ್ತಿತ್ತು. ಮೊದಲ ಸಲ ಅಮ್ಮ ಬ್ಲೌಸ್ ಹೊಲಿಯುವ ಅಳತೆಯಲ್ಲೇ ಹೊಲಿದರು. ನೀವು ಹೇಳಿದ ಹಾಗೇ ಎಳೆದಾಗ ಸಾಲಾಗಿ ಹರಿಯಿತು. ಇನ್ನೊಂದು ಮೀಟರ್ ರೆಕ್ಸಿನ್ ತಂದು, ಹೊಲಿಗೆ ಉದ್ದ ಮಾಡಿ, ಮೂಲೆಗಳಲ್ಲಿ ಅಮ್ಮ ಚಕ್ರವನ್ನು ಕೈಯಲ್ಲೇ ತಿರುಗಿಸಿದರು. ಪಿನ್ ಹೊಡೆಯುವ ಕೈ ಟ್ಯಾಕರ್‌ನಲ್ಲಿ ಕೆಲವು ಪಿನ್ ಪೂರ್ತಿ ಇಳಿಯಲಿಲ್ಲ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂರಿಸಿದೆ.

ನಿನ್ನೆ ಹುಲಿಕಲ್ ಕಡೆ ಹೋಗಿದ್ದೆ. ಎರಡು ಗಂಟೆ ಬಿಡದೆ ಮಳೆ. ಹೋಗುವ ಮೊದಲು ಪೂರ್ತಿ ಸೀಟು ತೂಗಿದ್ದೆ, 3 ಕೆ.ಜಿ. 100 ಗ್ರಾಂ. ಬಂದ ಮೇಲೆ ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿದೆ. ಅಷ್ಟೇ ಇತ್ತು. ಅಮ್ಮನನ್ನು ಕರೆದು ತಕ್ಕಡಿಯ ಮುಳ್ಳು ತೋರಿಸಿದೆ. ಎಡಗಡೆ ಹಿಂದಿನ ಮೂಲೆಯಲ್ಲಿ ಒಂದು ಸುಕ್ಕು ಉಳಿದಿದೆ. ಆ ನಾಲ್ಕು ಪಿನ್ ತೆಗೆದು ಮತ್ತೆ ಎಳೆದರೆ ಸಾಕಾ, ಅಥವಾ ಇಡೀ ಎಡಬದಿ ಬಿಚ್ಚಬೇಕಾ?

ಶಿವಮೊಗ್ಗದ ಹೊಲಿಗೆ ಅಕ್ಕ:
ಮೂಲೆಯಿಂದ ಎರಡೂ ಕಡೆ ಒಂದು ಗೇಣು ಬಿಚ್ಚಿ. ಸುಕ್ಕನ್ನು ಒಂದೇ ಮಡಿಕೆ ಮಾಡದೆ ಮೂರು ಸಣ್ಣ ಮಡಿಕೆ ಮಾಡಿ, ತಳದ ಕಡೆಗೆ ತಳ್ಳಿ ಪಿನ್ ಹೊಡೆಯಿರಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಬ್ಲೌಸ್ ಹೊಲಿಯುವ ಕೈ ರೆಕ್ಸಿನ್‌ಗೆ ಹೊಂದಿಕೊಳ್ಳುವುದು ಸುಲಭ ಅಲ್ಲ.